ನಾಳೆ ಮೇಸ್ತ್ರಿಯ ಕೊಳವೆಗಳು

ಒಂದಾನೊಂದು ಊರು. ಆ ಊರಿನಲ್ಲಿ ನೀರು ಒಬ್ಬನ ಮಾತನ್ನು ಬಿಟ್ಟು ಇನ್ಯಾರ ಮಾತನ್ನೂ ಕೇಳುತ್ತಿರಲಿಲ್ಲವಂತೆ. ಅವನು ಹತ್ತು ಅಂದರೆ ಮಹಡಿ ಹತ್ತುತ್ತಿತ್ತು, ಇಳಿ ಅಂದರೆ ಇಳಿಯುತ್ತಿತ್ತು, ಸುಮ್ಮನಿರು ಅಂದರೆ ಗೋಡೆಯೊಳಗೆ ಮಗುವಿನ ಹಾಗೆ ಮಲಗುತ್ತಿತ್ತು. ಅಜ್ಜಿ ಹೇಳುವ ಕತೆಯಲ್ಲಾಗಿದ್ದರೆ ಇಂಥವನಿಗೆ ಅರ್ಧ ರಾಜ್ಯ ಸಿಗಬೇಕಿತ್ತು. ಇವನಿಗೆ ಸಿಕ್ಕಿದ್ದು ಒಂದು ಹಳೆಯ ಸ್ಕೂಟರು, ಒಂದು ಚೀಲದ ತುಂಬ ಪಾನಾ, ಎಲ್ಬೋ, ವಾಷರುಗಳು, ಮತ್ತು ಬೇಕರಿಯ ಒಬ್ಬ ಹುಡುಗಿ. ಕತೆಯ ಮಾಂತ್ರಿಕರಿಗೆಲ್ಲ ಒಂದೊಂದು ಶಾಪವಿರುತ್ತದಲ್ಲ, ಇವನಿಗೂ ಇತ್ತು. ಊರವರ ಕೆಲಸಕ್ಕೆ ‘ಈಗ ಬಂದೆ’ ಎನ್ನುತ್ತಿದ್ದ ನಾಲಿಗೆ, ಸ್ವಂತ ಮನೆಯ ಕೆಲಸ ಬಂದರೆ ‘ನಾಳೆ’ ಎಂದುಬಿಡುತ್ತಿತ್ತು.

ಹಾಗಾಗಿ ಊರಿನ ನಲ್ಲಿಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದರೂ ಅವನ ಅಡುಗೆಮನೆಯ ನಲ್ಲಿ ಮಾತ್ರ ಹಗಲೂ ಇರುಳೂ ತೊಟ್ಟಿಕ್ಕುತ್ತಿತ್ತು. ನಾದಿನಿ ಬಂದಾಗಲೆಲ್ಲ ಅದರ ಕೆಳಗೊಂದು ಪಾತ್ರೆ ಇಟ್ಟು, “ಊರಿಗೆ ಉಪಕಾರಿ, ಮನೆಗೆ ಮಾರಿ” ಅನ್ನುವಳು. ‘ನಾಳೆ ಮೇಸ್ತ್ರಿ’ ಎಂದು ಹೆಸರಿಟ್ಟವಳೂ ಅವಳೇ. ಆ ಹೆಸರು ಮನೆಯಿಂದ ಬೀದಿಗೆ, ಬೀದಿಯಿಂದ ಊರಿಗೆ ಹರಿಯಿತು. ಅದನ್ನು ತಡೆಯುವ ವಾಲ್ವು ಅವನ ಚೀಲದಲ್ಲಿ ಇರಲಿಲ್ಲ.

ಅವನೂ ಅವನ ಹೆಂಡತಿಯೂ ಮೊದಲು ಮಾತಾಡಿದ್ದು ಬೇಕರಿಯ ಗೋಡೆಯ ಮುಂದೆ. ಗೋಡೆಯೊಳಗೆ ಎಲ್ಲೋ ನೀರು ಸೋರುತ್ತಿತ್ತು, ಎಲ್ಲೆಂದು ತಿಳಿಯುತ್ತಿರಲಿಲ್ಲ. ಅವನು ಒಂದು ಕಬ್ಬಿಣದ ಸರಳನ್ನು ಗೋಡೆಗೆ ಆನಿಸಿ, ಇನ್ನೊಂದು ತುದಿಗೆ ಕಿವಿಯಿಟ್ಟು ಕಣ್ಣು ಮುಚ್ಚಿ ನಿಂತಿದ್ದ. ಕೈಯೆಲ್ಲ ಹಿಟ್ಟಾಗಿದ್ದ ಹುಡುಗಿಯೊಬ್ಬಳು ಹತ್ತಿರ ಬಂದು, “ಗೋಡೆ ಏನಂತೆ?” ಎಂದಳು. ಅವನು ಸರಳನ್ನು ಅವಳ ಕಿವಿಗೆ ಕೊಟ್ಟ. ಅವಳು ಸ್ವಲ್ಪ ಹೊತ್ತು ಕೇಳಿ, “ನಮ್ಮ ಕನ್ನೋಲೀನೂ ಹೀಗೇ ಮಾತಾಡುತ್ತೆ,” ಎಂದಳು.

ಕನ್ನೋಲಿ ಎಂಬುದು ಇಟಲಿಯ ಸಿಹಿ. ತೆಳ್ಳಗೆ ಲಟ್ಟಿಸಿದ ಹಿಟ್ಟನ್ನು ಲೋಹದ ಕೊಳವೆಗೆ ಸುತ್ತಿ, ಕೊಳವೆಯ ಸಮೇತ ಎಣ್ಣೆಯಲ್ಲಿ ಕರಿದು, ಮೆಲ್ಲಗೆ ಕಳಚಿದರೆ ಮೈತುಂಬ ಗುಳ್ಳೆಯೆದ್ದ ಗರಿಗರಿ ಚಿಪ್ಪು ಉಳಿಯುತ್ತದೆ. ಅದರೊಳಗೆ ರಿಕೋಟಾ ಎಂಬ ಮೆತ್ತನೆಯ ಚೀಸನ್ನು ಸಕ್ಕರೆಯೊಂದಿಗೆ ನುಣ್ಣಗೆ ಕಲಸಿ ತುಂಬುತ್ತಾರೆ. ಬೇಕರಿಯಲ್ಲಿ ಅದು ಅವಳ ಪಾಲಿನ ಕೆಲಸವಾಗಿತ್ತು. ಅವಳಿಗೆ ಎರಡು ನಿಯಮಗಳಿದ್ದವು. ಪ್ರತಿ ಸಲದ ಕರಿದ ರಾಶಿಯಿಂದ ಒಂದನ್ನು ಎತ್ತಿ ಕಿವಿಯ ಹತ್ತಿರ ಮುರಿಯಬೇಕು. ಒಣಗಿದ ಎಲೆಯ ಮೇಲೆ ಬೆಕ್ಕು ಕಾಲಿಟ್ಟ ಹಾಗೆ ಕೇಳಿದರೆ ಪಾಸು, ಇಲ್ಲದಿದ್ದರೆ ಅಷ್ಟೂ ಚಿಪ್ಪು ಕಸಕ್ಕೆ. ಮತ್ತೆ, ತಿನ್ನುವವರು ಬಂದು ಕೂತ ಮೇಲೆಯೇ ತುಂಬಬೇಕು. ಮೊದಲೇ ತುಂಬಿಟ್ಟರೆ ಚಿಪ್ಪು ಒದ್ದೆಯಾಗಿ, “ನೆನೆದ ಚಪ್ಪಲಿ ಜಗಿದ ಹಾಗಾಗುತ್ತೆ.”

ಮದುವೆಯಾದ ಮೊದಲ ವರ್ಷ, ವರ್ಷದ ಕೊನೆಯ ರಜೆಯ ದೊಡ್ಡೂಟಕ್ಕೆ ಮನೆಯಲ್ಲೇ ಕನ್ನೋಲಿ ಮಾಡಬೇಕೆಂದು ಅವಳಿಗೆ ಆಸೆಯಾಯಿತು. ಬೇಕರಿಯ ಕೊಳವೆಗಳು ಬೇಕರಿ ಬಿಟ್ಟು ಹೊರಬರುತ್ತಿರಲಿಲ್ಲ. ಅಂಗಡಿಯಲ್ಲಿ ಕೊಳ್ಳುತ್ತೇನೆ ಅಂದಾಗ ಇವನು, “ಪೈಪಿನವನ ಹೆಂಡತಿ ಪೈಪು ಕೊಂಡುಕೊಂಡ್ಲು ಅಂತ ಊರು ನಗಲ್ವಾ? ನಾನೇ ಮಾಡಿಕೊಡ್ತೀನಿ,” ಎಂದ.

“ಯಾವಾಗ?”

“ನಾಳೆ.”

ಆ ವರ್ಷ ಅವಳು ಪೊರಕೆಯ ಹಿಡಿಯನ್ನು ತುಂಡು ಮಾಡಿ ಅದಕ್ಕೇ ಹಿಟ್ಟು ಸುತ್ತಿದಳು. ಮರ ಎಣ್ಣೆ ಕುಡಿದು ಸೀದುಹೋಯಿತು. ಚಿಪ್ಪಿನ ತುಂಬ ಸುಟ್ಟ ಪೊರಕೆಯ ವಾಸನೆ. ಇಬ್ಬರೂ ನಕ್ಕರು. ಮುಂದಿನ ವರ್ಷ ಅವಳು ಮತ್ತೆ ಕೇಳಿದಳು, ಅದರ ಮುಂದಿನ ವರ್ಷವೂ ಕೇಳಿದಳು. ಮಗಳು ಹುಟ್ಟಿ, ಬೆಳೆದು, ಕೆಲಸಕ್ಕೆ ಸೇರಿದಳು. ಕೇಳುವುದು ದೊಡ್ಡೂಟದ ಒಂದು ವಾಡಿಕೆಯೇ ಆಗಿಹೋಯಿತು, ‘ನಾಳೆ’ ಎನ್ನುವುದೂ.

ಈ ವರ್ಷ ಒಂದು ದಿನ ಅವಳು, “ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ ರೀ, ಅನ್ನ ಇಳೀತಿಲ್ಲ,” ಎಂದಳು. ಅವನು ಬೂಟು ಹಾಕಿಕೊಳ್ಳುತ್ತಿದ್ದ. ಎಲ್ಲೋ ಯಾರದೋ ಟ್ಯಾಂಕು ಒಡೆದಿತ್ತು.

“ಬಿಸಿನೀರು ಕುಡಿ. ನಾಳೆ ಡಾಕ್ಟರಿಗೆ ತೋರಿಸೋಣ,” ಎಂದ.

ಆ ನಾಳೆಯೂ ಉಳಿದ ನಾಳೆಗಳ ಜೊತೆ ಹೋಗಿ ಸೇರಿತು. ಕೊನೆಗೆ ಮಗಳೇ ರಜೆ ಹಾಕಿ ಬಂದು ಕರೆದುಕೊಂಡು ಹೋದಾಗ, ಡಾಕ್ಟರು ಗಂಟಲಿನ ಸ್ಕ್ಯಾನ್ ಚಿತ್ರಗಳನ್ನು ಬೆಳಕಿಗೆ ಹಿಡಿದು, “ಇನ್ನೂ ಸ್ವಲ್ಪ ಮುಂಚೆ ಬಂದಿದ್ದರೆ,” ಎಂದು ಶುರುಮಾಡಿ, ಅವನ ಮುಖ ನೋಡಿ ವಾಕ್ಯವನ್ನು ಅಲ್ಲಿಗೇ ಬಿಟ್ಟರು. ಬಿಟ್ಟ ಅರ್ಧ ವಾಕ್ಯ ಅವನ ಕಿವಿಯೊಳಗೆ ತೊಟ್ಟಿಕ್ಕುತ್ತಲೇ ಉಳಿಯಿತು.

ಗಂಟಲು ಮುಚ್ಚುತ್ತ ಬಂತು. ಗುಟುಕು ನೀರೂ ಇಳಿಯದಂತಾದ ಮೇಲೆ ಆಸ್ಪತ್ರೆಯಲ್ಲಿ ಮೂಗಿನಿಂದ ಹೊಟ್ಟೆಗೆ ಒಂದು ನಳಿಕೆ ಇಳಿಸಿದರು. ಅಷ್ಟು ಸಣ್ಣ ಪೈಪನ್ನು ಅವನು ಜನ್ಮದಲ್ಲಿ ಜೋಡಿಸಿರಲಿಲ್ಲ. ಕಟ್ಟಿಕೊಂಡ ಮೋರಿಗಳನ್ನು ತೆರೆದವನು, ಬೇರು ನುಗ್ಗಿದ ಲೈನುಗಳನ್ನು ಬಿಡಿಸಿದವನು, ಕೈಕಟ್ಟಿಕೊಂಡು ನಿಂತು ನೋಡಿದ. ಅವನ ಚೀಲದಲ್ಲಿ ಆ ಒಂದು ಗಂಟಲಿಗೆ ಆಗುವ ಸಾಮಾನು ಯಾವುದೂ ಇರಲಿಲ್ಲ.

ರಜೆ ಹತ್ತಿರ ಬಂದಾಗ ಡಾಕ್ಟರು, “ಮನೆಗೆ ಕರ್ಕೊಂಡು ಹೋಗಿ. ಈ ಸಲದ ಊಟಕ್ಕೆ ಮನೇಲಿರಲಿ,” ಎಂದರು. ‘ಈ ಸಲ’ ಎಂದರೇನೆಂದು ಎಲ್ಲರಿಗೂ ತಿಳಿಯಿತು.

ಮನೆಗೆ ಬಂದ ದಿನವೇ ಅವನು ಪಾನಾ ಹಿಡಿದು ಅಡುಗೆಮನೆಯ ನಲ್ಲಿಯ ಮುಂದೆ ನಿಂತ. ಹಾಸಿಗೆಯಿಂದ ಪಿಸುಮಾತು ಬಂತು. ಈಗ ಅವಳಿಗೆ ಉಳಿದಿದ್ದ ದನಿ ಅಷ್ಟೇ.

“ಅದನ್ನ ಬಿಡಿ. ನಿದ್ದೆ ಬರದಾಗ ಜೊತೆಗಿರುತ್ತೆ.”

ಅವನು ಪಾನಾ ಕೆಳಗಿಟ್ಟ. ಸರಿಮಾಡುವ ಹೊತ್ತೂ ಮೀರಿಹೋಗಿತ್ತು.

“ರೀ, ಇಲ್ಲಿ ಬನ್ನಿ. ಈ ಸಲ ಕನ್ನೋಲಿ ಮಾಡಿ.”

“ನಾನಾ?”

“ಮತ್ತೆ ನಾನಾ? ಕೊಳವೆ ಮಾಡಿಕೊಡ್ತೀನಿ ಅಂದಿದ್ರಿ. ತಡ ಆಯ್ತಲ್ಲ, ಬಡ್ಡಿ ಬೆಳೆದಿದೆ. ಕೊಳವೆನೂ ನೀವೇ, ಕನ್ನೋಲಿನೂ ನೀವೇ.”

ಅವನು ಅವಳ ಮೂಗಿನ ನಳಿಕೆಯನ್ನು ನೋಡಿ ಕಣ್ಣು ತಪ್ಪಿಸಿದ. “ನಿನಗೆ ತಿನ್ನೋಕಾಗಲ್ಲವಲ್ಲೇ.”

“ಕೇಳೋಕಾಗುತ್ತೆ,” ಎಂದಳು. “ಒಂದೇ ಒಂದು ಚಿಪ್ಪು, ಸರಿಯಾಗಿ ಮುರಿಯೋದನ್ನ ನಮ್ಮನೇಲಿ ಕೇಳಬೇಕು. ಮಾಡ್ತೀರಾ?”

ನಾಲಿಗೆಯ ತುದಿಗೆ ‘ನಾ’ ಎಂಬ ಅಕ್ಷರ ತಾನಾಗಿಯೇ ಬಂದು ನಿಂತಿತು. ಅವನು ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದು, “ಈಗಲೇ,” ಎಂದ. ಮನೆಯೊಳಗೆ ಆ ಮಾತು ಅವನ ಬಾಯಿಗೇ ಹೊಸದಾಗಿತ್ತು.

ಹಿತ್ತಿಲಿನ ಶೆಡ್ಡಿನಿಂದ ಒಂದು ಪೈಪು ತಂದ. ಹೆಬ್ಬೆರಳಿಗಿಂತ ತುಸು ದಪ್ಪ, ಹೊಳೆಯುವ ಬೂದುಬಣ್ಣ. ನಾದಿನಿ ಬಾಗಿಲಲ್ಲೇ, “ಏನು ಭಾವ, ಪೈಪಿಗೆ ಕೊನೆಗೂ ನಮ್ಮನೆ ದಾರಿ ಗೊತ್ತಾಯ್ತಾ,” ಎಂದಳು. ಅವನು ಅದನ್ನು ಹಾಸಿಗೆಯ ಹತ್ತಿರ ಒಯ್ದು ತೋರಿಸಿದ. ಹೆಂಡತಿ ಉಗುರಿನಿಂದ ಅದರ ಮೈ ಕೆರೆದಳು.

“ಇದು ಸತು ಬಳಿದಿದ್ದು. ಬಿಸಿ ಎಣ್ಣೆಗೆ ಹಾಕಿದ್ರೆ ತಿಂದವರೆಲ್ಲ ನನಗಿಂತ ಮುಂಚೆ ಹೊರಡ್ತಾರೆ.”

ನಾದಿನಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಕ್ಕಳೋ ಅತ್ತಳೋ ಅವನು ನೋಡಲಿಲ್ಲ.

ಯಾರದೋ ಮನೆಯ ಮೆಟ್ಟಿಲಿಗೆ ಕಂಬಿ ಹಾಕಿದಾಗ ಉಳಿದಿದ್ದ ಸ್ಟೀಲಿನ ತುಂಡೊಂದು ಶೆಡ್ಡಿನ ಮೂಲೆಯಲ್ಲಿತ್ತು. ಅದನ್ನು ವೈಸಿನ ಇಕ್ಕಳಕ್ಕೆ ಬಿಗಿದು ಗರಗಸದಲ್ಲಿ ಕೊಯ್ದ. ಒಂದೊಂದು ಕೊಳವೆಯ ತುದಿಯನ್ನೂ ಅರದಲ್ಲಿ ಉಜ್ಜಿದ. ಬೆರಳಿಗೆ ಚುಚ್ಚದಷ್ಟು ನುಣುಪಾದ ಮೇಲೂ ಉಜ್ಜಿದ. ಅರ ಕಿರುಗುಟ್ಟುವಷ್ಟು ಹೊತ್ತು ತಲೆಯೊಳಗೆ ಬೇರೆ ಸದ್ದಿರಲಿಲ್ಲ. ಕೈ ನಿಂತ ತಕ್ಷಣ ಅವನಿಗೆ ತಿಳಿಯಿತು, ಇಷ್ಟು ವರ್ಷ ನಾಳೆ ನಾಳೆ ಎಂದು ದೂಡಿದ್ದ ಕೆಲಸ ಒಂದು ಸಂಜೆಯದು, ಅದೂ ಪೂರ್ತಿ ಸಂಜೆಯಲ್ಲ. ಅವನು ಬೆಂಚಿನ ಮೇಲೆ ಕೂತು ಆ ಕೊಳವೆಗಳನ್ನು ನೋಡುತ್ತ, ಇದಕ್ಕಿಂತ ಕಷ್ಟದ ಕೆಲಸವಾಗಿದ್ದರೆ ಚೆನ್ನಾಗಿತ್ತು ಎಂದುಕೊಂಡ.

ದೊಡ್ಡೂಟದ ದಿನ ಬೆಳಗ್ಗೆ ಅವಳನ್ನು ಎತ್ತಿ ತಂದು ಅಡುಗೆಮನೆಯ ಬಾಗಿಲಲ್ಲಿ ದಿಂಬು ಕೊಟ್ಟು ಕುರ್ಚಿಯಲ್ಲಿ ಕೂರಿಸಿದರು. ಎತ್ತುವಾಗ ಅವನಿಗೆ ಗಾಬರಿಯಾಯಿತು, ಖಾಲಿ ಪೈಪು ಎತ್ತಿದ ಹಾಗಿದ್ದಳು. ಮಗಳು ರಿಕೋಟಾವನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟಿದ್ದಳು. ಅದರ ನೀರೂ ನಲ್ಲಿಯ ನೀರೂ ಜೊತೆಜೊತೆಯಾಗಿ ತೊಟ್ಟಿಕ್ಕುತ್ತಿದ್ದವು.

ಮೈದಾ, ಚೂರು ಬೆಣ್ಣೆ, ಚೂರು ಸಕ್ಕರೆ, ಒಂದಿಷ್ಟು ವೈನು. ಅವನು ನಾದಿದ. ನಾದಿದವನೇ ಲಟ್ಟಣಿಗೆ ಎತ್ತಿದ.

“ಮಲಗಿಸಿ,” ಎಂದಳು ಅವಳು.

“ಯಾರನ್ನ?”

“ಹಿಟ್ಟನ್ನ. ಅದಕ್ಕೂ ಸುಸ್ತಾಗುತ್ತೆ ರೀ.”

ಹಿಟ್ಟು ಮಲಗಿ ಎದ್ದ ಮೇಲೆ ಲಟ್ಟಿಸಿದ. “ಕೆಳಗೆ ಪೇಪರಿಟ್ಟರೆ ಅಕ್ಷರ ಕಾಣಬೇಕು,” ಎಂದು ಪಿಸುಮಾತು ಬಂತು. ಲೋಟದ ಬಾಯಿಯಿಂದ ದುಂಡಗೆ ಕತ್ತರಿಸಿ, ಕೊಳವೆಗೆ ಸುತ್ತುವ ಹೊತ್ತಿಗೆ ಮಗಳು ಮೊಟ್ಟೆಯ ಬಿಳಿಭಾಗದ ಬಟ್ಟಲು ಕೊಟ್ಟು, “ಇದನ್ನ ಹಚ್ಚಿ ಅಂಟಿಸಬೇಕಂತೆ ಅಪ್ಪ,” ಎಂದಳು. ಅಂಟಿಸುವುದು ಅವನಿಗೆ ಗೊತ್ತಿದ್ದ ಕೆಲಸ. ಎರಡು ಪೈಪು ಕೂಡುವಲ್ಲಿ ತಿರುಪಿನ ಸುತ್ತಲೂ ಅಂಟು ಬಳಿಯದೆ ಅವನು ಯಾವತ್ತೂ ಜೋಡಿಸಿದವನಲ್ಲ. ಕೊಳವೆಯ ಮೈಗೆಲ್ಲ, ಒಂದು ಕೂದಲಷ್ಟೂ ಜಾಗ ಬಿಡದ ಹಾಗೆ ಬಿಳಿ ಬಳಿದು, ಹಿಟ್ಟು ಸುತ್ತಿ, ಬಿಗಿಯಾಗಿ ತಿರುಪಿ, ಎಣ್ಣೆಗೆ ಬಿಟ್ಟ.

ಕರಿದು ತೆಗೆದರೆ ಕೊಳವೆಯೂ ಚಿಪ್ಪೂ ಒಂದೇ ಆಗಿಹೋಗಿದ್ದವು. ಬಟ್ಟೆಯಲ್ಲಿ ಹಿಡಿದು ಎಳೆದ, ಬರಲಿಲ್ಲ. ತಿರುವಿದ, ಬರಲಿಲ್ಲ. ಪಾನಾ ಹಾಕಿದ, ಪುಡಿಯಾಯಿತು. ಇನ್ನೊಂದು, ಅದೂ ಪುಡಿ. ನಾದಿನಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

“ಭಾವ, ಇದಂತೂ ಸೋರಲ್ಲ. ಮಹಡಿ ಟ್ಯಾಂಕಿಗೆ ಜೋಡಿಸಿ, ಗ್ಯಾರಂಟಿ ನಾನು ಕೊಡ್ತೀನಿ.”

“ತುದಿಗೆ ಮಾತ್ರ ಹಚ್ಚಬೇಕು ಅಪ್ಪ, ಹಿಟ್ಟಿನ ಮೇಲೆ ಹಿಟ್ಟು ಬರೋ ಕಡೆ,” ಎಂದು ಮಗಳು ಹೇಳುವಷ್ಟರಲ್ಲಿ ಕುರ್ಚಿಯಲ್ಲಿದ್ದವಳು ನಗಲು ಶುರುಮಾಡಿದ್ದಳು.

ದನಿಯಿಲ್ಲದ ನಗು. ಭುಜ ಮಾತ್ರ ಕುಣಿಯುತ್ತಿತ್ತು. ಪೊರಕೆ ಸುಟ್ಟ ವರ್ಷದ ನಗು ಅದೇ ಎಂದು ಅವನ ಮುಖವೂ ಅರಳಿತು. ಆಮೇಲೆ ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಮಗಳು ಓಡಿಬಂದು ಅವಳನ್ನು ಮುಂದಕ್ಕೆ ಬಾಗಿಸಿ ಹಿಡಿದಳು, ನಾದಿನಿ ಬಟ್ಟಲು ಒಡ್ಡಿದಳು. ಅವನು ಎಣ್ಣೆಯ ಮುಂದೆ ಕಲ್ಲಾಗಿ ನಿಂತು ಕೇಳಿದ. ಗಾಳಿಯೂ ನೀರೂ ಒಂದೇ ಸಂದಿನಲ್ಲಿ ನುಗ್ಗಲು ಜಗಳವಾಡುವ ಸದ್ದು. ಆ ಸದ್ದನ್ನು ಅವನು ನೂರಾರು ಗೋಡೆಗಳೊಳಗೆ ಕೇಳಿದ್ದ. ಲೈನು ಪೂರಾ ಕಟ್ಟಿಕೊಳ್ಳುವ ಮುಂಚೆ ಅದು ಹಾಗೆ ಮಾತಾಡುತ್ತದೆ. ಮನೆಯವರು ಇನ್ನೂ ಸ್ವಲ್ಪ ದಿನ ನಡೆಯುತ್ತಲ್ಲ ಮೇಸ್ತ್ರಿ ಎಂದು ಕೇಳುತ್ತಿದ್ದರು. ಅವನು ತಲೆಯಾಡಿಸುತ್ತಿದ್ದ. ಇಲ್ಲ, ನಡೆಯುವುದಿಲ್ಲ.

ಕೆಮ್ಮು ಇಳಿದಾಗ ಅವಳ ತುಟಿ ಕಪ್ಪಿಟ್ಟಿತ್ತು. ನಾದಿನಿ ಒಲೆ ಆರಿಸಿದಳು. ಅವಳ ದನಿಯಲ್ಲಿ ಈಗ ಕುಚೋದ್ಯವಿರಲಿಲ್ಲ.

“ಸಾಕು ಭಾವ. ಬೇಕರಿಯಿಂದ ತರಿಸೋಣ. ಅಕ್ಕನ್ನ ಮಲಗಿಸಿ.”

ಅವನು ಹೆಂಡತಿಯನ್ನು ನೋಡಿದ. ಅವಳು ಕಣ್ಣು ಮುಚ್ಚಿಕೊಂಡೇ ಒಲೆಯ ಕಡೆ ಒಂದು ಬೆರಳು ಎತ್ತಿದಳು. ಅವನು ಒಲೆ ಹಚ್ಚಿದ.

ಮುಂದಿನ ಚಿಪ್ಪುಗಳು ಕೊಳವೆಯಿಂದ ಜಾರಿ ಬಂದವು. ನೋಡಲು ಗುಳ್ಳೆ ಗುಳ್ಳೆಯಾಗಿ, ಬೇಕರಿಯವಂತೆಯೇ ಇದ್ದವು. ಆರಿದ ಮೇಲೆ ಒಂದನ್ನು ಅವಳ ಕಿವಿಯ ಹತ್ತಿರ ಹಿಡಿದು ಮುರಿದ. ಅವಳ ಹುಬ್ಬು ಗಂಟಾಯಿತು.

“ಒದ್ದೆ.”

ಅಷ್ಟೂ ಚಿಪ್ಪು ಕಸಕ್ಕೆ ಹೋಯಿತು. ಮುಂದಿನ ಸಲ ಬೆಂಕಿ ಜೋರು ಮಾಡಿದ. ಹೊರಗೆ ಕೆಂಪಾಯಿತು, ಬೇಗ ತೆಗೆದ.

“ಬಾಗಿಲು ಮುರಿದ ಹಾಗಿದೆ. ದಪ್ಪ. ಒಳಗೆ ಹಸಿ.”

ಅದೂ ಕಸಕ್ಕೆ. ಮಗಳು, “ಅಮ್ಮ, ಇದು ಚೆನ್ನಾಗೇ ಇದೆಯಲ್ಲ, ತಿಂದು ನೋಡಿದೆ,” ಎಂದಳು. ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಎಂದು ಕೇಳಿ ಕೇಳಿ ಅಮ್ಮನಿಗೆ ಆಸ್ಪತ್ರೆಯಲ್ಲೇ ಸಾಕಾಗಿತ್ತು.

ಮಧ್ಯಾಹ್ನ ಹೊರಳಿತು. ಮೇಜಿನ ಮೇಲೆ ದೊಡ್ಡೂಟದ ಪಾತ್ರೆಗಳು ಮುಚ್ಚಳದ ಕೆಳಗೆ ತಣ್ಣಗಾಗುತ್ತಿದ್ದವು. ಯಾರಿಗೂ ಬಡಿಸಿಕೊಳ್ಳುವ ಮನಸ್ಸಿರಲಿಲ್ಲ. ಬೀದಿಯಲ್ಲಿ ಯಾರದೋ ಮನೆಯ ನೆಂಟರು ಕಾರಿನಿಂದಿಳಿದು ಗದ್ದಲ ಮಾಡುತ್ತಿದ್ದರು. ಹಿಟ್ಟು ಒಂದು ಮುಷ್ಟಿಯಷ್ಟು ಉಳಿದಿತ್ತು. ಮತ್ತೆ ನಾದಿ ಮಲಗಿಸುವಷ್ಟು ಹೊತ್ತು ಅವಳು ಕೂರಲಾರಳು ಎಂದು ಎಲ್ಲರಿಗೂ ಕಾಣುತ್ತಿತ್ತು. ಅವಳ ತಲೆ ಆಗಲೇ ದಿಂಬಿನ ಒಂದು ಬದಿಗೆ ವಾಲಿತ್ತು.

ಉಳಿದ ಹಿಟ್ಟನ್ನು ಅವನು ಲಟ್ಟಿಸಿದ. ಪೇಪರಿನ ಅಕ್ಷರ ಕಂಡ ಮೇಲೂ ಲಟ್ಟಿಸಿದ. ಸುತ್ತಿ ಎಣ್ಣೆಗೆ ಬಿಟ್ಟ. ಬಿಟ್ಟವನು ಈ ಸಲ ಬಣ್ಣ ನೋಡಲಿಲ್ಲ. ಕಣ್ಣು ಮುಚ್ಚಿ, ಬಾಣಲೆಯ ಬಿಸಿ ಕೆನ್ನೆಗೆ ತಾಗುವಷ್ಟು ಬಗ್ಗಿ, ಕೇಳುತ್ತ ನಿಂತ.

“ಅಪ್ಪ, ಎಣ್ಣೆ ಸಿಡಿಯುತ್ತೆ.”

“ಶ್.”

ಭೋರೆಂದು ಗದ್ದಲ. ಏನಿದು ಇಷ್ಟೊಂದು ಮಾತು ಎಂದು ಯೋಚಿಸಿದ. ಎಣ್ಣೆಗೆ ಮಾತಿಲ್ಲ, ಹಿಟ್ಟಿಗೂ ಇಲ್ಲ. ಹಿಟ್ಟಿನೊಳಗಿನ ನೀರು ಹೊರಡುತ್ತಿದೆ. ನೀರು ಹೊರಡುವ ಸದ್ದು ಇದು. ಅವಳು ಒದ್ದೆ, ಹಸಿ ಎಂದಾಗಲೆಲ್ಲ, ಇನ್ನೂ ನೀರು ಹೊರಡುತ್ತಿರುವಾಗಲೇ ಅವನು ತೆಗೆದುಬಿಟ್ಟಿದ್ದ. ಜನ್ಮವಿಡೀ ನೀರನ್ನು ಹಿಡಿದಿಡುವುದೇ ಅವನ ಕೆಲಸವಾಗಿತ್ತು, ಹೋಗಲು ಬಿಟ್ಟು ಕಾದು ನಿಲ್ಲುವುದು ಗೊತ್ತಿರಲಿಲ್ಲ. ಅವನು ಬೆಂಕಿ ತುಸು ತಗ್ಗಿಸಿ ಕಾದ. ಗದ್ದಲ ಗುಸುಗುಸುವಾಯಿತು. ಗುಸುಗುಸು ಅಲ್ಲೊಂದು ಇಲ್ಲೊಂದು ಚಿಟಿಕೆಯಾಯಿತು. ಚಿಟಿಕೆಗಳ ನಡುವೆ ಹಿಂದಿನಿಂದ ಅವಳ ಉಸಿರು ಕೇಳಿಸಿತು, ಅದೂ ಬಿಟ್ಟುಬಿಟ್ಟು, ತೆಳ್ಳಗೆ. ಎರಡೂ ಸದ್ದನ್ನು ಒಟ್ಟಿಗೆ ಕೇಳುತ್ತ ನಿಂತವನಿಗೆ, ಒಂದು ನಿಲ್ಲುವುದನ್ನು ಕಾಯುವುದೆಂದರೆ ಇನ್ನೊಂದನ್ನೂ ಕಾದ ಹಾಗೆ ಎನಿಸಿತು. ಆದರೂ ಕದಲಲಿಲ್ಲ. ಬಾಣಲೆ ಮೌನವಾಯಿತು. ಅವನು ಚಿಮಟದಲ್ಲಿ ಎತ್ತಿದ.

ಆರಲು ಬಿಟ್ಟು, ಕಳಚಿ, ಒಂದನ್ನು ಹಿಡಿದು ಅವಳ ಕುರ್ಚಿಯ ಪಕ್ಕ ಮಂಡಿಯೂರಿದ. ಅವಳು ಕಣ್ಣು ತೆರೆದಿರಲಿಲ್ಲ. ಒಂದು ಕ್ಷಣ ಹೆದರಿದ. ಆಮೇಲೆ ಚಿಪ್ಪನ್ನು ಕಿವಿಯ ಹತ್ತಿರ ತಂದು ಮುರಿದ.

ಅವನಿಗೂ ಕೇಳಿಸಿತು.

ಅವಳ ತುಟಿ ಅಲುಗಿತು. ಅವನು ಕಿವಿಯನ್ನು ಬಾಯಿಗೆ ತಾಗಿಸಿದ, ಒಂದು ಕಾಲದಲ್ಲಿ ಸರಳಿಗೆ ತಾಗಿಸಿದ್ದ ಹಾಗೆ.

“ಬೆಕ್ಕು,” ಎಂದಳು.

ನಾದಿನಿ ಗೋಡೆಯ ಕಡೆ ತಿರುಗಿ ನಿಂತಳು. ಮಗಳು ಅಮ್ಮನ ಕುರ್ಚಿಯನ್ನು ಎಳೆದು ಮೇಜಿನ ತುದಿಗೆ ತಂದಿಟ್ಟಳು. ಎಲ್ಲರೂ ಕೂತರು. ಅವನು ಸಕ್ಕರೆ ಬೆರೆಸಿದ ರಿಕೋಟಾದ ಕ್ರೀಮಿನ ಚೀಲ ಹಿಡಿದು, ಕೂತವರ ಪಕ್ಕ ನಿಂತೇ ತುಂಬಿದ, ನಾದಿನಿಗೆ ಒಂದು, ಮಗಳಿಗೆ ಒಂದು. ನಾದಿನಿ ಕಚ್ಚಿದಳು. ಆ ಸದ್ದು ಕೋಣೆಯಿಡೀ ಕೇಳಿಸಿತು. ಅವಳು ಅಗಿಯುತ್ತ ಅಳುತ್ತಿದ್ದಳು. “ಚೆನ್ನಾಗಿದೆ ಭಾವ,” ಎಂದಳು. ಈ ಸಲ ಅದು ನಿಜವಾಗಿತ್ತು, ಅದಕ್ಕೇ ಅವನಿಗೆ ಅದನ್ನು ಕೇಳಿ ತಡೆದುಕೊಳ್ಳಲಾಗಲಿಲ್ಲ.

ತಟ್ಟೆಯಲ್ಲಿ ಒಂದು ಚಿಪ್ಪು ಉಳಿದಿತ್ತು. ಅವನು ಅದನ್ನು ಖಾಲಿಯಾಗಿಯೇ ಅವಳ ಮುಂದಿಟ್ಟು, ಕ್ರೀಮಿನ ಚೀಲವನ್ನು ಬಟ್ಟಲಿಗೆ ಹಾಕಿದ. ತಿನ್ನುವವರು ಕೂತ ಮೇಲೆಯೇ ತುಂಬಬೇಕು. ಅವಳದೇ ನಿಯಮ. ಚಿಪ್ಪಿನ ಒಂದು ತುದಿಯಿಂದ ನೋಡಿದರೆ ಇನ್ನೊಂದು ತುದಿಯ ಬೆಳಕು ಕಾಣುತ್ತಿತ್ತು.

ಅವಳ ಕೈ ಮೇಜಿನ ಮೇಲೆ ತೆವಳಿಬಂದು ಅವನ ತೋಳನ್ನು ಮುಟ್ಟಿತು.

“ರೀ.”

“ಏನೇ.”

“ನಾನೂ ಕೂತಿದೀನಲ್ಲ.”

ಅವನು ಚೀಲವನ್ನು ಮತ್ತೆ ಎತ್ತಿಕೊಂಡ. ಇನ್ನೊಂದು ಕೈಯಿಂದ ಚಿಪ್ಪನ್ನು ಹಿಡಿದು, ಮೊದಲು ಒಂದು ತುದಿಯಿಂದ ಅರ್ಧದವರೆಗೆ ತುಂಬಿದ. ಆಮೇಲೆ ತಿರುಗಿಸಿ ಇನ್ನೊಂದು ತುದಿಯಿಂದ, ಒಳಗೆಲ್ಲೂ ಗಾಳಿ ಉಳಿಯದ ಹಾಗೆ, ನಿಧಾನವಾಗಿ, ಬಾಯಿಯವರೆಗೂ ತುಂಬಿದ.